ಕೈಗೂ ಒಂದು ಸವಕಳಿ ಖಾತೆ ಬೇಕು

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ನಡೆಯುತ್ತದೆ. ಹಲ್ಲಿನ ಡಾಕ್ಟರು ಬಂದು ಎಲ್ಲರ ಬಾಯಿ ತೆರೆಸಿ ನೋಡಿ ಹೋಗಿದ್ದಾರೆ. ರಕ್ತದ ಗುಂಪು ಪತ್ತೆ ಮಾಡುವ ಶಿಬಿರವೂ ಆಯಿತು. ಅವತ್ತು ಸೂಜಿ ಕಂಡು ಇಬ್ಬರು ತಲೆ ಸುತ್ತಿ ಕೂತರು, ಹೆಸರು ಹೇಳುವುದಿಲ್ಲ. ಆದರೆ ಬೆಳಗ್ಗೆಯಿಂದ ಸಂಜೆಯವರೆಗೆ ನಾವು ಬರೆಯುವ, ಬ್ಯಾಗ್ ಎತ್ತುವ, ಮೊಬೈಲ್ ಒತ್ತುವ ಈ ಕೈಯನ್ನು ಇದುವರೆಗೆ ಒಬ್ಬರೂ ಬಂದು ನೋಡಿಲ್ಲ. ನೋಡಬೇಕು ಅಂತ ಯಾರೂ ಕೇಳಿಯೂ ಇಲ್ಲ. ನಾನು ಕೇಳುತ್ತಿದ್ದೇನೆ. ಕಣ್ಣಿನ ಶಿಬಿರದ ಹಾಗೆಯೇ ಒಂದು ದಿನ ಫಿಸಿಯೋಥೆರಪಿಸ್ಟ್ ಒಬ್ಬರು ನಮ್ಮ ಕಾಲೇಜಿಗೆ ಬರಬೇಕು. ನಮ್ಮನ್ನು ಮಾತ್ರವಲ್ಲ, ನಮ್ಮ ತಾಯಂದಿರನ್ನೂ ನೋಡಬೇಕು.

ಕೈ ನೋವು ಬಂದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ ಅಂತ ನಿಮಗೆಲ್ಲ ಗೊತ್ತು. ಮೊದಲು ಮುಲಾಮು. ಅದು ಆಗದಿದ್ದರೆ ಪೈಲ್ವಾನರ ಹತ್ತಿರ ಹೋಗಿ ಎಣ್ಣೆ ಹಾಕಿ ಉಜ್ಜಿಸಿಕೊಳ್ಳುವುದು. ಅದೂ ಆಗದಿದ್ದರೆ ಮೆಡಿಕಲ್ ಶಾಪಿಗೆ ಹೋಗಿ "ನೋವಿನ ಮಾತ್ರೆ ಕೊಡಿ" ಅನ್ನುವುದು. ಏನು ನೋವು, ಎಲ್ಲಿ ನೋವು ಅಂತ ಅಂಗಡಿಯವರು ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ. ಕೊನೆಗೆ ಒಂದು ಇಂಜೆಕ್ಷನ್. ಫಿಸಿಯೋಥೆರಪಿ ಅನ್ನುವ ಹೆಸರು ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಅದು ಲಕ್ವಾ ಹೊಡೆದವರಿಗೆ, ಇಲ್ಲವಾದರೆ ಟಿವಿಯಲ್ಲಿ ಕಾಣುವ ಕ್ರಿಕೆಟ್ ಆಟಗಾರರಿಗೆ ಅಂತ ನಮ್ಮ ಲೆಕ್ಕ. ಆಟಗಾರ ಮೈದಾನದಲ್ಲಿ ಕೈ ಹಿಡಿದುಕೊಂಡು ಕೂತರೆ ಬ್ಯಾಗ್ ಹಿಡಿದು ಓಡಿಬರುತ್ತಾರಲ್ಲ, ಅವರು. ಬಟ್ಟೆ ಹೊಲಿಯುವ ಹೆಂಗಸು ಕೈ ಹಿಡಿದುಕೊಂಡು ಕೂತರೆ ಯಾರು ಓಡಿಬರುತ್ತಾರೆ?

ನಮ್ಮ ಮೈಸೂರಿನ ಮೊಹಲ್ಲಾಗಳನ್ನು ಒಮ್ಮೆ ನೋಡಿ. ಉದಯಗಿರಿ, ರಾಜೀವನಗರ, ಗೌಸಿಯಾನಗರ, ಎಲ್ಲೇ ಹೋದರೂ ಮನೆಯೊಳಗೆ ಕೈಯಿಂದ ನಡೆಯುವ ಒಂದಲ್ಲ ಒಂದು ಕಸುಬು ಇದ್ದೇ ಇರುತ್ತದೆ. ಬೀಡಿ ಕಟ್ಟುವವರು, ಬ್ಲೌಸ್ ಹೊಲಿಯುವವರು, ಸೀರೆಗೆ ಕುಚ್ಚು ಹಾಕುವವರು, ಮೆಷಿನ್ ಬರುವ ಮೊದಲು ಅಗರಬತ್ತಿ ಹೊಸೆಯುತ್ತಿದ್ದವರು. ಇವಕ್ಕೆಲ್ಲ ಸಂಬಳ ಇಲ್ಲ, ಎಣಿಕೆ ಇದೆ. ಬೀಡಿಗೆ ಸಾವಿರದ ಲೆಕ್ಕ, ಬ್ಲೌಸಿಗೆ ಪೀಸಿನ ಲೆಕ್ಕ. ಎಣಿಕೆ ಇರುವ ಕೆಲಸದಲ್ಲಿ ಕೈ ನಿಲ್ಲಿಸಿದರೆ ಕೂಲಿಯೂ ನಿಲ್ಲುತ್ತದೆ. ಅದಕ್ಕೇ ಯಾರೂ ನಿಲ್ಲಿಸುವುದಿಲ್ಲ.

ನನ್ನ ದಾದಿ ಬೀಡಿ ಕಟ್ಟುತ್ತಿದ್ದರು. ಎಲೆಯನ್ನು ನೆನೆಸಿ, ಕತ್ತರಿಸಿ, ತಂಬಾಕು ತುಂಬಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉರುಳಿಸಿ, ತುದಿ ಮಡಚಿ, ದಾರ ಸುತ್ತುವುದು. ಒಂದು ಬೀಡಿಗೆ ಇಷ್ಟು. ಸಾವಿರ ಬೀಡಿಗೆ ಇಷ್ಟು ಸಾವಿರ ಸಲ. ದಾದಿಯ ಬಲಗೈ ಉಂಗುರ ಬೆರಳು ಮಡಚಿದರೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎಡಗೈಯಿಂದ ಎಳೆದು ಬಿಡಿಸಿದರೆ 'ಟಕ್' ಅಂತ ಸದ್ದು ಬರುತ್ತಿತ್ತು. ನಾವು ಮಕ್ಕಳೆಲ್ಲ ಸುತ್ತ ಕೂತು "ದಾದಿ, ಇನ್ನೊಂದು ಸಲ, ಇನ್ನೊಂದು ಸಲ" ಅಂತ ಹೇಳಿ ಆ ಸದ್ದು ಕೇಳಿ ನಗುತ್ತಿದ್ದೆವು. ದಾದಿಯೂ ನಗುತ್ತಾ ಮಾಡಿ ತೋರಿಸುತ್ತಿದ್ದರು. ಅದಕ್ಕೆ ಟ್ರಿಗರ್ ಫಿಂಗರ್ ಅಂತ ಹೆಸರಿದೆ, ಬೆರಳಿನ ಸ್ನಾಯುರಜ್ಜು ಅದು ಜಾರುವ ಕೊಳವೆಯ ಬಾಯಲ್ಲಿ ಊದಿಕೊಂಡು ಸಿಕ್ಕಿಬೀಳುವುದರಿಂದ ಹಾಗಾಗುತ್ತದೆ, ಅದಕ್ಕೆ ಚಿಕಿತ್ಸೆ ಇದೆ ಅನ್ನುವುದು ನಮ್ಮ ಮನೆಗೆ ತಿಳಿದದ್ದು ದಾದಿ ಹೋಗಿ ಮೂರು ವರ್ಷ ಆದಮೇಲೆ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಒಂದು ಕಾನೂನು ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾನೂನು ಬಂತು. ಕಾನೂನು ಇತ್ತು. ದಾದಿಯ ಬೆರಳನ್ನು ಹಿಡಿದು "ಇದು ಎಷ್ಟು ದಿನದಿಂದ?" ಅಂತ ಕೇಳುವವರು ಇರಲಿಲ್ಲ.

"ಹಿಂದಿನ ಕಾಲದ ಹೆಂಗಸರು ರುಬ್ಬುವ ಕಲ್ಲಿನಲ್ಲಿ ರುಬ್ಬಿದರು, ಬಾವಿಯಿಂದ ನೀರು ಸೇದಿದರು, ಅವರಿಗೆ ಯಾವ ಕೈ ನೋವೂ ಬರಲಿಲ್ಲ" ಅಂತ ಹೇಳುವ ಹಿರಿಯರು ಇದ್ದಾರೆ. ಬಂದಿತ್ತು. ಅದರ ಸದ್ದು ಕೇಳಿ ನಾವು ನಗುತ್ತಿದ್ದೆವು, ಅಷ್ಟೇ.

ಈಗ ಅಮ್ಮಿಯ ವಿಷಯ. ಅಮ್ಮಿ ಬ್ಲೌಸ್ ಹೊಲಿಯುತ್ತಾರೆ. ಅಂಗಡಿಯವರು ಕತ್ತರಿಸದ ಬಟ್ಟೆ, ಅಳತೆಯ ಚೀಟಿ ಕೊಟ್ಟು ಕಳಿಸುತ್ತಾರೆ, ಕತ್ತರಿಸುವುದರಿಂದ ಹುಕ್ ಹಾಕುವವರೆಗೆ ಎಲ್ಲ ಅಮ್ಮಿಯದೇ. ಹೋದ ವರ್ಷ ಬಕ್ರೀದ್ ಕಳೆದ ಮೇಲೆ ರಾತ್ರಿ ಹೊತ್ತು ಎದ್ದು ಕೂತು ಕೈ ಕೊಡವುವುದು ಶುರುವಾಯಿತು. ಥರ್ಮಾಮೀಟರ್ ಕೊಡವುತ್ತಾರಲ್ಲ, ಹಾಗೆ. ಬೆಳಗ್ಗೆ ಚಪಾತಿ ಹಿಟ್ಟು ಕಲಸುವಾಗ ಬಿಟ್ಟು ಬಿಟ್ಟು ಕಲಸುವುದು. ನಮಾಜಿನಲ್ಲಿ ಸಜ್ದಾಗೆ ಹೋಗಿ ಅಂಗೈ ಊರುವಾಗ ಮುಖ ಕಿವುಚುವುದು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದರು. ಕಣ್ಣು ಮಂಜಾಗಿರಬೇಕು ಅಂದುಕೊಂಡು ಅಬ್ಬಾ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು. ಕಣ್ಣು ಸರಿಯಾಗಿತ್ತು. ಸೂಜಿ ಕಾಣುತ್ತಿತ್ತು, ಬೆರಳಿಗೆ ಸೂಜಿ ಸಿಕ್ಕಿದೆಯೋ ಇಲ್ಲವೋ ಅನ್ನುವುದು ತಿಳಿಯುತ್ತಿರಲಿಲ್ಲ.

ಒಂದು ಕ್ಲಿನಿಕ್ಕಿನಲ್ಲಿ ಮೂರು ಸಲ ಇಂಜೆಕ್ಷನ್ ಹಾಕಿ ಮಾತ್ರೆ ಕೊಟ್ಟರು. ಸೊಂಟಕ್ಕೆ ಹಾಕುವ ನೋವಿನ ಇಂಜೆಕ್ಷನ್. ಆ ಮೂರು ಸಲದಲ್ಲಿ ಒಂದು ಸಲವೂ ಅಮ್ಮಿಯ ಕೈ ಮುಟ್ಟಿ ನೋಡಲಿಲ್ಲ ಅನ್ನುವುದನ್ನು ಇಲ್ಲಿ ಬರೆಯಲೇಬೇಕು. ಎರಡು ದಿನ ಕಡಿಮೆ, ಮೂರನೇ ದಿನ ಮತ್ತೆ ಅದೇ. ಕೊನೆಗೆ ಮೂಳೆ ಡಾಕ್ಟರು ಬೇರೆ ರೀತಿ ನೋಡಿದರು. ಶುಗರ್ ಮತ್ತು ಥೈರಾಯ್ಡ್ ಪರೀಕ್ಷೆ ಬರೆದರು, ನರದ ಪರೀಕ್ಷೆ ಮಾಡಿಸಿದರು, ಆಮೇಲೆ ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿ ಇದ್ದದ್ದು ಒಬ್ಬ ಮೇಡಂ. ಅವರ ಮಾತು ಕನ್ನಡ, ಅಮ್ಮಿಯ ಮಾತು ಉರ್ದು, ನಡುವೆ ನಾನು.

ಆ ಅರ್ಧ ಗಂಟೆಯಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಅಮ್ಮಿ ಎಲ್ಲದಕ್ಕೂ "ದರ್ದ್" ಅನ್ನುತ್ತಿದ್ದರು. ಮೇಡಂ ಅದನ್ನು ಬಿಡಿಸಿ ಬಿಡಿಸಿ ಕೇಳಿದರು. ನೋವೋ, ಉರಿಯೋ, ಸೆಳೆತವೋ, ಜೋಮು ಹಿಡಿದ ಹಾಗೋ, ಇರುವೆ ಹರಿದ ಹಾಗೋ? ಹಗಲು ಜಾಸ್ತಿಯೋ, ರಾತ್ರಿಯೋ? ಜೋಮು ಅನ್ನುವುದಕ್ಕೆ ನಾನು "ಸುನ್ನ್" ಅಂದೆ. ಅಮ್ಮಿ ತಕ್ಷಣ "ಹಾಂ, ವಹೀಚ್!" ಅಂದರು. ಯಾವ ಬೆರಳು ಅಂತ ಕೇಳಿದಾಗ ಅಮ್ಮಿ ಇಡೀ ಕೈ ತೋರಿಸಿದರು. ಮೇಡಂ ಬಿಡಲಿಲ್ಲ. ಒಂದೊಂದು ಬೆರಳನ್ನೂ ಹತ್ತಿಯಿಂದ ಮುಟ್ಟಿ ಕೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ, ಇಷ್ಟರಲ್ಲಿ ಮಾತ್ರ ಜೋಮು. ಕಿರುಬೆರಳು ಚೆನ್ನಾಗಿತ್ತು. ಆಮೇಲೆ ಎರಡೂ ಕೈಗಳ ಹಿಂಭಾಗ ಒಂದಕ್ಕೊಂದು ತಾಗುವಂತೆ ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿಯಲು ಹೇಳಿದರು. ಅರ್ಧ ನಿಮಿಷಕ್ಕೇ ಅಮ್ಮಿ ಕೈ ಬಿಟ್ಟುಬಿಟ್ಟರು.

ಅದು ಕಾರ್ಪಲ್ ಟನಲ್ ತೊಂದರೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಅವು ಕಮಾನಿನ ಹಾಗೆ ಕೂತಿವೆ, ಮೇಲೆ ಗಟ್ಟಿ ಪಟ್ಟಿಯೊಂದು ಹಾದುಹೋಗಿದೆ. ಈ ಕಿರಿದಾದ ಸುರಂಗದಲ್ಲಿ ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಅನ್ನುವ ಒಂದು ನರವೂ ತೂರಿಹೋಗಬೇಕು. ಕಾಲೇಜು ಬಿಡುವ ಹೊತ್ತಿನ ಸಿಟಿ ಬಸ್ಸಿನ ಬಾಗಿಲು ಅಂದುಕೊಳ್ಳಿ. ಯಾರಾದರೂ ಸ್ವಲ್ಪ ಊದಿಕೊಂಡರೂ ಮೊದಲು ನಜ್ಜುಗುಜ್ಜಾಗುವುದು ಮೆತ್ತಗಿರುವವನು, ಇಲ್ಲಿ ನರ. ಆ ನರ ಹೋಗುವುದು ಆ ಮೂರೂವರೆ ಬೆರಳಿಗೆ, ಕಿರುಬೆರಳಿಗೆ ಬೇರೆ ನರ. ಅದಕ್ಕೇ ಮೇಡಂ ಕಿರುಬೆರಳನ್ನು ಅಷ್ಟು ಸಲ ಕೇಳಿದ್ದು. ಇದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ಗರ್ಭಿಣಿಯಾಗಿರುವುದು, ಇವು ಜೊತೆಗಿದ್ದರೆ ಇನ್ನೂ ಜಾಸ್ತಿ. ಮಲಗಿದಾಗ ನಮಗೆ ಗೊತ್ತಿಲ್ಲದೆ ಮಣಿಕಟ್ಟು ಬಗ್ಗಿರುತ್ತದೆ, ಸುರಂಗದಲ್ಲಿ ಒತ್ತಡ ಏರುತ್ತದೆ, ಹಾಗಾಗಿ ರಾತ್ರಿಯ ನಿದ್ದೆ ಕೆಡುವುದು.

ಮೇಡಂ ಕೊಟ್ಟ ಚಿಕಿತ್ಸೆ ನೋಡಿ ಅಬ್ಬಾಗೆ ಸ್ವಲ್ಪ ನಿರಾಸೆಯೇ ಆಯಿತು. ದೊಡ್ಡ ಮೆಷಿನ್ ಏನೂ ಇರಲಿಲ್ಲ. ಮಣಿಕಟ್ಟನ್ನು ನೆಟ್ಟಗೆ ಹಿಡಿಯುವ ಪಟ್ಟಿ ಒಂದು, ರಾತ್ರಿ ಕಟ್ಟಿಕೊಂಡು ಮಲಗಲು. ಬೆರಳುಗಳನ್ನು ಒಂದು ಕ್ರಮದಲ್ಲಿ ನೇರ ಮಾಡಿ, ಕೊಕ್ಕೆಯ ಹಾಗೆ ಮಡಚಿ, ಮುಷ್ಟಿ ಮಾಡಿ, ಮತ್ತೆ ಬಿಡಿಸುವ ವ್ಯಾಯಾಮ. ನರ ಮೆಲ್ಲಗೆ ಜಾರುವಂತೆ ಕೈ ಚಾಚುವ ಇನ್ನೊಂದು ವ್ಯಾಯಾಮ. ಜೋಮು ಹೆಚ್ಚಾದರೆ ಅಲ್ಲೇ ನಿಲ್ಲಿಸಬೇಕು. ಇಷ್ಟಲ್ಲದೆ ಅವರು ಕೆಲಸದ ಬಗ್ಗೆ ತುಂಬಾ ಕೇಳಿದರು. ಸ್ಟೂಲಿನ ಎತ್ತರ ಎಷ್ಟು, ಕತ್ತರಿ ಎಷ್ಟು ಭಾರ, ಹುಕ್ಕುಗಳನ್ನೆಲ್ಲ ಒಟ್ಟಿಗೆ ಹಾಕುತ್ತೀರೋ ನಡುನಡುವೆಯೋ? ಬಟ್ಟೆಯನ್ನು ನೆಲದ ಮೇಲೆ ಹರಡಿ ಕತ್ತರಿಸುವುದನ್ನು ಬಿಟ್ಟು ಮೇಜಿನ ಮೇಲೆ ನಿಂತು ಕತ್ತರಿಸಿ ಅಂದರು. ಕತ್ತರಿಗೆ ಸಾಣೆ ಹಿಡಿಸಿ ಅಂದರು. ಮೊಂಡಾದ ಕತ್ತರಿಗೆ ಎರಡು ಪಟ್ಟು ಒತ್ತಬೇಕಲ್ಲ! ಇಪ್ಪತ್ತು ವರ್ಷ ಹೊಲಿದ ಅಮ್ಮಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅಲ್ಲಿಂದ ಬರುವಾಗ ಅಬ್ಬಾ, "ಇದಕ್ಕೆ 300 ರೂಪಾಯಾ? ಬರೀ ಬೆರಳು ಮಡಚಿಸೋಕೆ?" ಅಂದರು.

ಅಬ್ಬಾ ಕೇಳಿದ ಪ್ರಶ್ನೆ ಕಾಮರ್ಸಿನ ಪ್ರಶ್ನೆ, ಹಾಗಾಗಿ ಉತ್ತರವನ್ನೂ ಕಾಮರ್ಸಿನಲ್ಲೇ ಕೊಟ್ಟೆ. ಒಂದು ಲೈನಿಂಗ್ ಬ್ಲೌಸಿಗೆ ಅಂಗಡಿಯವರು ಅಮ್ಮಿಗೆ ಕೊಡುವುದು 120 ರೂಪಾಯಿ. ಮೊದಲು ದಿನಕ್ಕೆ 4 ಆಗುತ್ತಿತ್ತು, ಕೈ ಕೆಟ್ಟ ಮೇಲೆ 2. ದಿನಕ್ಕೆ 240 ರೂಪಾಯಿ ನಷ್ಟ. ಈಗ ಖರ್ಚು: ಆರು ಸಲದ ಫೀಸು 1,800, ಪಟ್ಟಿಗೆ 450, ಆಟೋಗೆ 600. ಒಟ್ಟು 2,850. ಕೈ ಸರಿಹೋದರೆ ಹನ್ನೆರಡು ದಿನದ ಹೊಲಿಗೆಯಲ್ಲಿ ಈ ದುಡ್ಡು ವಾಪಸ್. ಸರಿಹೋಗದಿದ್ದರೆ ತಿಂಗಳಿಗೆ ಆರು ಸಾವಿರದ ಮೇಲೆ ನಷ್ಟ, ತಿಂಗಳು ತಿಂಗಳೂ. ಅಬ್ಬಾ ಚೀಟಿ ನೋಡಿದರು, ಏನೂ ಹೇಳಲಿಲ್ಲ, ಮುಂದಿನ ಸಲ ಅವರೇ ಆಟೋ ಕರೆದರು.

ಅಕೌಂಟೆನ್ಸಿ ಕ್ಲಾಸಿನಲ್ಲಿ ನಾವು ಸವಕಳಿ ಲೆಕ್ಕ ಎಷ್ಟು ಮಾಡಿದ್ದೇವೆ! ಯಂತ್ರದ ಬೆಲೆ ಇಷ್ಟು, ಬಾಳಿಕೆ ಇಷ್ಟು ವರ್ಷ, ಸ್ಟ್ರೈಟ್ ಲೈನ್ ಮೆಥಡ್, ಗುಜರಿ ಬೆಲೆ. ಅಮ್ಮಿಯ ಹೊಲಿಗೆ ಮೆಷಿನ್ನಿಗೆ ವರ್ಷಕ್ಕೆರಡು ಸಲ ಎಣ್ಣೆ ಬೀಳುತ್ತದೆ, ಬೆಲ್ಟ್ ಬದಲಾಗುತ್ತದೆ, ಮೆಕ್ಯಾನಿಕ್ಕಿಗೆ ದುಡ್ಡು ಕೊಡುವಾಗ ಯಾರೂ ಚೌಕಾಸಿ ಮಾಡುವುದಿಲ್ಲ. ಮೆಷಿನ್ ನಿಂತರೆ ಕೆಲಸ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತು. ಆ ಮೆಷಿನ್ ನಡೆಸುವ ಕೈಗೆ ಮಾತ್ರ ಯಾವ ಪುಸ್ತಕದಲ್ಲೂ ದುರಸ್ತಿ ಖಾತೆ ಇಲ್ಲ. ಸರ್ ಇದನ್ನು ಓದಿದರೆ, ಕೈ ಸ್ಥಿರಾಸ್ತಿಯೋ ಚರಾಸ್ತಿಯೋ ಅಂತ ಇಂಟರ್ನಲ್‌ನಲ್ಲಿ ಕೇಳಿಬಿಡುತ್ತಾರೇನೋ ಅನ್ನುವ ಭಯವೂ ಇದೆ.

ಅಮ್ಮಿಗೆ ಎರಡು ತಿಂಗಳಲ್ಲಿ ರಾತ್ರಿ ಏಳುವುದು ತಪ್ಪಿತು. ಈಗ ದಿನಕ್ಕೆ ಮೂರು ಬ್ಲೌಸ್ ಹೊಲಿಯುತ್ತಾರೆ. ನಾಲ್ಕನೆಯದು ಬೇಡ ಅಂತ ಮೇಡಂ ಹೇಳಿದ್ದಾರೆ, ಅಮ್ಮಿ ಕೇಳುತ್ತಾರೋ ಇಲ್ಲವೋ ಹಬ್ಬದ ಸೀಸನ್ನಿನಲ್ಲಿ ಗೊತ್ತಾಗುತ್ತದೆ.

ಇಷ್ಟು ಓದಿ, "ಓಹೋ, ನನಗೂ ಕೈ ನೋವು, ಅದೇ ವ್ಯಾಯಾಮ ಮಾಡುತ್ತೇನೆ" ಅಂತ ಯಾರೂ ಶುರು ಮಾಡಬೇಡಿ. ನನ್ನ ವಾದವೇ ಅದಕ್ಕೆ ವಿರುದ್ಧ. ಕೈ ನೋವು ಅನ್ನುವುದು ಒಂದು ಕಾಯಿಲೆ ಅಲ್ಲ. ನಮ್ಮ ಆಪಾಗೆ ಮಗು ಹುಟ್ಟಿದ ಎರಡನೇ ತಿಂಗಳಲ್ಲಿ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸಿಡಿಯುವ ನೋವು ಬಂತು. ಬಾಣಂತಿಗೆ ಗಾಳಿ ತಾಗಿದೆ ಅಂತ ಮನೆಯಲ್ಲಿ ಕಿವಿಗೆ ಹತ್ತಿ ತುರುಕಿ, ಕೈಗೆ ಉಣ್ಣೆ ಬಟ್ಟೆ ಸುತ್ತಿದರು. ಅದು ಗಾಳಿ ಅಲ್ಲ. ಮಗುವಿನ ಕಂಕುಳಿಗೆ ಕೈ ಹಾಕಿ ಹೆಬ್ಬೆರಳು ಅಗಲಿಸಿ ಎತ್ತಿ ಎತ್ತಿ, ಹೆಬ್ಬೆರಳ ಕಡೆಯ ಎರಡು ಸ್ನಾಯುರಜ್ಜುಗಳ ಕವಚ ಉರಿದು ದಪ್ಪವಾಗಿತ್ತು. ಇದಕ್ಕೆ ಡಿ ಕ್ವೆರ್ವೈನ್ ಅನ್ನುವ ಸ್ವಿಟ್ಜರ್ಲೆಂಡಿನ ಸರ್ಜನ್ನನ ಹೆಸರಿದೆ, ಆತ ಇದನ್ನು ವಿವರಿಸಿದ್ದು 1895ರಲ್ಲಿ. ಹೊಸ ತಾಯಂದಿರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಮೇಡಂ ಮಗುವನ್ನು ನೋಡಿದ ಕೂಡಲೇ ಅರ್ಧ ಉತ್ತರ ಹೇಳಿಬಿಟ್ಟರು. ಇಲ್ಲಿ ಪಟ್ಟಿ ಬೇರೆ, ಹೆಬ್ಬೆರಳನ್ನೂ ಸೇರಿಸಿ ಹಿಡಿಯುವಂಥದ್ದು. ಮಗುವನ್ನು ಕಂಕುಳಿನಿಂದ ಎತ್ತದೆ, ಅಂಗೈಯನ್ನು ಕೆಳಗಿನಿಂದ ಕೊಟ್ಟು ಬಾಚಿ ಎತ್ತುವುದನ್ನು ಕಲಿಸಿದರು. ಅಮ್ಮಿಯ ವ್ಯಾಯಾಮವನ್ನು ಆಪಾ ಮಾಡಿದ್ದರೆ ಉಪಯೋಗ ಇರುತ್ತಿರಲಿಲ್ಲ. ಇಬ್ಬರೂ ಮನೆಯಲ್ಲಿ ಹಚ್ಚುತ್ತಿದ್ದ ಮುಲಾಮು ಮಾತ್ರ ಒಂದೇ!

ಹುಡುಗರಿಗೆ ಒಂದು ಮಾತು. ಕಾಲೇಜು ಮೈದಾನದಲ್ಲಿ ಕ್ಯಾಚ್ ಹಿಡಿಯಲು ಹೋಗಿ ಅಂಗೈ ಊರಿ ಬಿದ್ದರೆ "ಉಳುಕಿದೆ" ಅಂತ ನೀವೇ ತೀರ್ಮಾನ ಮಾಡಿ ಪೈಲ್ವಾನರ ಹತ್ತಿರ ಎಳೆಸಿಕೊಳ್ಳಲು ಹೋಗುತ್ತೀರಿ. ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದೆ ನೋಡಿ, ಬಿದ್ದ ಮೇಲೆ ಅಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಅದು ಸ್ಕೇಫಾಯ್ಡ್ ಅನ್ನುವ ಮೂಳೆ ಮುರಿದಿರುವ ಸೂಚನೆ ಇರಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಮುರಿತ ಕೆಲವೊಮ್ಮೆ ಕಾಣುವುದೇ ಇಲ್ಲ, ಹತ್ತು ಹದಿನೈದು ದಿನ ಬಿಟ್ಟು ಮತ್ತೆ ತೆಗೆಯಬೇಕಾಗುತ್ತದೆ. ಆ ಮೂಳೆಗೆ ರಕ್ತ ಹರಿಯುವ ದಾರಿ ಕಡಿಮೆ, ಹಾಗಾಗಿ ಬಿಟ್ಟರೆ ಕೂಡಿಕೊಳ್ಳದೆ ಹಾಗೇ ಉಳಿದುಬಿಡುತ್ತದೆ. ಇಂಥ ಕೈಗೆ ಮೊದಲು ಬೇಕಾಗಿರುವುದು ಡಾಕ್ಟರು, ಉಜ್ಜುವುದಲ್ಲ, ಫಿಸಿಯೋಥೆರಪಿಯೂ ಅಲ್ಲ, ಅದು ಆಮೇಲೆ. ಪೈಲ್ವಾನರ ಮೇಲೆ ನನಗೆ ದ್ವೇಷ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೂ ತೆರೆಯುವವರು ಅವರೇ. ಆದರೆ ಮುರಿದದ್ದನ್ನು ಉಳುಕು ಅಂತ ಎಳೆದರೆ ಹಾಳಾಗುವುದು ನಿಮ್ಮ ಕೈ.

ಇನ್ನು ನಮ್ಮ ಬರವಣಿಗೆ. ಇಟಲಿಯಲ್ಲಿ ರಮಾಝಿನಿ ಅನ್ನುವ ವೈದ್ಯರಿದ್ದರು. ಯಾವ ಯಾವ ಕಸುಬಿನವರಿಗೆ ಯಾವ ಯಾವ ಕಾಯಿಲೆ ಬರುತ್ತದೆ ಅಂತ 1700ರಲ್ಲೇ ಒಂದು ಇಡೀ ಪುಸ್ತಕ ಬರೆದವರು. 1713ರಲ್ಲಿ ಅದನ್ನು ಹಿಗ್ಗಿಸಿದಾಗ ಅದರಲ್ಲಿ ಗುಮಾಸ್ತರನ್ನೂ ಬರಹಗಾರರನ್ನೂ ಸೇರಿಸಿದರು. ಅವರ ಕಷ್ಟಕ್ಕೆ ಮೂರು ಕಾರಣ ಕೊಟ್ಟರು. ಸದಾ ಕೂತೇ ಇರುವುದು, ಕೈ ಒಂದೇ ರೀತಿ ಬಿಡುವಿಲ್ಲದೆ ಆಡುವುದು, ಲೆಕ್ಕ ತಪ್ಪಬಾರದು ಅನ್ನುವ ಮನಸ್ಸಿನ ಒತ್ತಡ. ಇದನ್ನು ಓದಿದಾಗ ನನಗೆ ನಗು ಬಂತು. ಮುನ್ನೂರು ವರ್ಷದ ಹಿಂದೆ ಆ ವೈದ್ಯರು ನಮ್ಮ ಸೆಕೆಂಡ್ ಪಿಯುಸಿ ಕಾಮರ್ಸ್ ಸೆಕ್ಷನ್ನಿಗೆ ಬಂದು ಹೋಗಿದ್ದಾರೆ! ಮೂರು ಗಂಟೆ ಲೆಡ್ಜರ್ ಗೆರೆ ಎಳೆದು, ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಸರಿಹೊಂದದಿದ್ದಾಗ ಪೆನ್ನನ್ನು ಕತ್ತು ಹಿಸುಕುವ ಹಾಗೆ ಹಿಡಿಯುತ್ತೇವೆ. ಪೆನ್ನಿಗೆ ಅಷ್ಟು ಒತ್ತಡ ಬೇಡ. ಬೆರಳಿನಿಂದ ಮಾತ್ರ ಬರೆಯದೆ ಮುಂಗೈಯನ್ನೂ ಜರುಗಿಸುತ್ತಾ ಬರೆಯಬೇಕು, ಬೆಂಚಿನ ಅಂಚು ಮಣಿಕಟ್ಟನ್ನು ಕೊಯ್ಯುವ ಹಾಗೆ ಇಡಬಾರದು ಅಂತ ಮೇಡಂ ನನಗೂ ಹೇಳಿದರು. ನಮ್ಮ ಎರಡನೇ ಮಹಡಿಯ ಬೆಂಚುಗಳ ಅಂಚು ಹೇಗಿದೆ ಅಂತ ಅಲ್ಲಿ ಕೂರುವವರಿಗೆ ಗೊತ್ತು. ಒಂದು ಮರಳು ಕಾಗದದ ಕೆಲಸ ಅದು, ಮ್ಯಾನೇಜ್‌ಮೆಂಟಿನವರು ಗಮನಿಸಬೇಕು.

ಲೆಕ್ಚರರ್‌ಗಳಲ್ಲೂ ಒಂದು ವಿನಂತಿ. ತಡವಾಗಿ ಬಂದದ್ದಕ್ಕೆ, ಮಾತಾಡಿದ್ದಕ್ಕೆ ಅದೇ ಉತ್ತರವನ್ನು ಇಪ್ಪತ್ತು ಸಲ ಬರೆಸುವ ಶಿಕ್ಷೆ ಬೇಡ. ಪರೀಕ್ಷೆಗೆ ಇನ್ನು ಎರಡು ತಿಂಗಳು ಇರುವಾಗ ಬೇಕಾಗಿರುವ ಕೈ ಅದು. ಬೇರೆ ಶಿಕ್ಷೆ ಕೊಡಿ, ಗಿಡಗಳಿಗೆ ನೀರು ಹಾಕಿಸಿ.

ಫಿಸಿಯೋಥೆರಪಿಯಿಂದ ಎಲ್ಲವೂ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹೆಬ್ಬೆರಳ ಬುಡದ ಮಾಂಸಖಂಡ ಬತ್ತಿ ಗುಳಿಬಿದ್ದಿದ್ದರೆ, ಕೈಯಿಂದ ಲೋಟ ಜಾರಿಬೀಳುತ್ತಿದ್ದರೆ, ಜೋಮು ಹಗಲು ರಾತ್ರಿ ಬಿಡದೇ ಇದ್ದರೆ ಆಪರೇಷನ್ ಬೇಕಾಗಬಹುದು, ಆಗ ವ್ಯಾಯಾಮ ಅಂತ ದಿನ ದೂಡಬಾರದು. ಆದರೆ ಆಪರೇಷನ್ ಆದರೂ ಕೈಯನ್ನು ಮತ್ತೆ ಕೆಲಸಕ್ಕೆ ಹಚ್ಚುವವರು ಇವರೇ. ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಪಕ್ಕದ ವೆಲ್ಲೂರಿನಲ್ಲೇ ಇದೆ. ನಮ್ಮವರು ದೊಡ್ಡ ಕಾಯಿಲೆ ಅಂದರೆ ರೈಲು ಹತ್ತುವುದು ಅಲ್ಲಿಗೇ ತಾನೆ? ಡಾ. ಪಾಲ್ ಬ್ರಾಂಡ್ ಅನ್ನುವ ಸರ್ಜನ್ 1946ರಲ್ಲಿ ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗದಿಂದ ನರ ಸತ್ತು ಉಗುರಿನ ಹಾಗೆ ಸೊಟ್ಟಗಾಗಿದ್ದ ಬೆರಳುಗಳನ್ನು, ಕೆಲಸ ಮಾಡುವ ಬೇರೆ ಸ್ನಾಯುವಿನ ರಜ್ಜುವನ್ನು ತಂದು ಜೋಡಿಸಿ ಮತ್ತೆ ಆಡುವಂತೆ ಮಾಡಿದರು. ಜೋಡಿಸಿದ ಮಾತ್ರಕ್ಕೆ ಕೈ ಆಡುವುದಿಲ್ಲ. ನಿನ್ನೆಯವರೆಗೆ ಬೇರೆ ಕೆಲಸ ಮಾಡುತ್ತಿದ್ದ ಸ್ನಾಯುವಿಗೆ ಇವತ್ತಿನಿಂದ ನಿನ್ನ ಕೆಲಸ ಇದು ಅಂತ ಕಲಿಸಬೇಕು. ವಾರಗಟ್ಟಲೆ, ತಿಂಗಳುಗಟ್ಟಲೆ ಕೂತು ಅದನ್ನು ಕಲಿಸಿದವರು ಫಿಸಿಯೋಥೆರಪಿಯವರು. ಸರ್ಜನ್‌ರ ಹೆಸರು ಉಳಿಯುತ್ತದೆ, ಬೆರಳು ಮಡಚಿಸಿದವರ ಹೆಸರು ಉಳಿಯುವುದಿಲ್ಲ. ಅಬ್ಬಾ "ಬರೀ ಬೆರಳು ಮಡಚಿಸೋಕೆ?" ಅಂದದ್ದು ಸುಮ್ಮನೆ ಅಲ್ಲ, ಲೋಕವೇ ಹಾಗೆ ನೋಡುತ್ತದೆ.

ಇನ್ನೊಂದು ವಿಷಯವನ್ನು ಹೇಳಲು ಸ್ವಲ್ಪ ಸಂಕೋಚ, ಆದರೂ ಹೇಳುತ್ತೇನೆ. ಅಲ್ಲಿ ಇದ್ದದ್ದು ಹೆಂಗಸು ಅನ್ನುವ ಕಾರಣಕ್ಕೇ ಅಮ್ಮಿ ಎರಡನೇ ಸಲ ಹೋದರು. ತೋಳು, ಭುಜ, ಕುತ್ತಿಗೆ ಎಲ್ಲ ಮುಟ್ಟಿ ನೋಡಬೇಕಾದ ಚಿಕಿತ್ಸೆ ಇದು. ಗಂಡಸರಾಗಿದ್ದರೆ ಅಮ್ಮಿ ಬುರ್ಖಾದ ತೋಳನ್ನು ಮಣಿಕಟ್ಟಿಗಿಂತ ಮೇಲೆ ಸರಿಸುತ್ತಲೇ ಇರಲಿಲ್ಲ. ನಮ್ಮ ಮೊಹಲ್ಲಾದಲ್ಲಿ ಇಂಥ ಎಷ್ಟು ಕೈಗಳಿವೆ, ಹೆಂಗಸರು ಫಿಸಿಯೋಥೆರಪಿಸ್ಟ್ ಎಷ್ಟು ಜನ ಇದ್ದಾರೆ? ನಮ್ಮ ಸೈನ್ಸ್ ಸೆಕ್ಷನ್ನಿನ ಹುಡುಗಿಯರನ್ನು ಕೇಳಿದರೆ ಎಲ್ಲರಿಗೂ ಎಂಬಿಬಿಎಸ್ ಬೇಕು, ಅದು ಸಿಗದಿದ್ದರೆ "ಮನೆಯಲ್ಲಿ ಕೂರುತ್ತೇನೆ" ಅನ್ನುತ್ತಾರೆ. ಬಿಪಿಟಿ ಅನ್ನುವ ಡಿಗ್ರಿ ಇದೆ, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಅದನ್ನು ಕಲಿಸುವ ಕಾಲೇಜುಗಳಿವೆ. 2021ರಲ್ಲಿ ಈ ವೃತ್ತಿಗಳಿಗಾಗಿ ಪಾರ್ಲಿಮೆಂಟು ಒಂದು ಕಾನೂನನ್ನೂ ಮಾಡಿದೆ. ಕರಿಯರ್ ಗೈಡೆನ್ಸ್ ದಿನ ಬರುವವರು ನೀಟ್ ಕೋಚಿಂಗಿನ ಬಗ್ಗೆ ಎರಡು ಗಂಟೆ ಮಾತಾಡುತ್ತಾರೆ, ಇದರ ಬಗ್ಗೆ ಎರಡು ನಿಮಿಷ ಮಾತಾಡಿದ್ದು ನನಗೆ ನೆನಪಿಲ್ಲ. ಬಯಾಲಜಿ ತೆಗೆದುಕೊಳ್ಳದ ನಾನು ಉಪದೇಶ ಮಾಡುವುದು ಸುಲಭ, ಒಪ್ಪುತ್ತೇನೆ. ಆದರೂ ಯೋಚಿಸಿ ನೋಡಿ. ನೀವು ಕಲಿತು ಬಂದು ನಮ್ಮ ಬೀದಿಯಲ್ಲಿ ಒಂದು ಸಣ್ಣ ರೂಮು ತೆರೆದರೆ ಲೆಕ್ಕಪತ್ರ ನಾನು ಬರೆದುಕೊಡುತ್ತೇನೆ.

ಈಗ ಕಾಲೇಜಿನಲ್ಲಿ ಆಗಬಹುದಾದ್ದು. ಪ್ರಿನ್ಸಿಪಾಲ್ ಸರ್ ಮತ್ತು ಸ್ಟೂಡೆಂಟ್ ಯೂನಿಯನ್ನಿನವರು ಒಪ್ಪಿದರೆ ಜನವರಿಯ ಪೋಷಕರ ಸಭೆಯ ದಿನವೇ ಈ ತಪಾಸಣೆ ಇಡಬಹುದು, ಹೇಗೂ ತಾಯಂದಿರು ಅವತ್ತು ಬಂದಿರುತ್ತಾರೆ. ಶುಕ್ರವಾರ ಆದರೆ ಜುಮಾ ಬಿಡುವಿನಿಂದ ಹೊತ್ತು ಸಿಗುವುದಿಲ್ಲ, ಶನಿವಾರ ಒಳ್ಳೆಯದು. ಲೈಬ್ರರಿ ಪಕ್ಕದ ರೂಮಿಗೆ ಪರದೆ ಇದೆ. ಎರಡು ಕುರ್ಚಿ, ಒಂದು ಮೇಜು, ಒಬ್ಬ ಮಹಿಳಾ ಫಿಸಿಯೋಥೆರಪಿಸ್ಟ್, ಅಷ್ಟು ಸಾಕು. ಅಮ್ಮಿಯನ್ನು ನೋಡಿದ ಮೇಡಂ ಬರಲು ಒಪ್ಪಿದ್ದಾರೆ, ನಾನು ಕೇಳಿಯಾಗಿದೆ, ಫೀಸು ಬೇಡ ಅಂದಿದ್ದಾರೆ. ಮಾತಿನ ತೊಂದರೆ ಆಗುತ್ತದೆ ಅನ್ನುವವರಿಗೆ: ದುಭಾಷಿಗಳಾಗಿ ನಾವು ಐದು ಜನ ಹುಡುಗಿಯರು ಹೆಸರು ಕೊಟ್ಟಿದ್ದೇವೆ. ಜೋಮು, ಸೆಳೆತ, ಉರಿ, ಉಳುಕು, ಇವಕ್ಕೆಲ್ಲ ನಮ್ಮ ಉರ್ದುವಿನಲ್ಲಿ ಏನನ್ನಬೇಕು ಅಂತ ಒಂದು ಹಾಳೆ ಬರೆದಿಟ್ಟಿದ್ದೇವೆ. ಬ್ಯಾರಿ ಮಾತಾಡುವ ಮನೆಯ ಗೆಳತಿ ಒಬ್ಬಳು ಅವಳ ಕಾಲಂ ತುಂಬುತ್ತಿದ್ದಾಳೆ. ನೋಟಿಸನ್ನು ಕನ್ನಡದಲ್ಲಿ ಆಫೀಸಿನವರು ಹಾಕಲಿ, ಉರ್ದುವಿನಲ್ಲಿ ನಾವು ಬರೆದು ಮನೆಗೆ ಒಯ್ಯುತ್ತೇವೆ. ಅದರಲ್ಲಿ "ದರ್ದ್ ಇದ್ದವರು ಬನ್ನಿ" ಅಂತ ಹಾಕಿದರೆ ನಮ್ಮ ತಾಯಂದಿರು ಯಾರೂ ಬರುವುದಿಲ್ಲ, ನಮಗೇನು ದರ್ದ್ ಅನ್ನುತ್ತಾರೆ. "ರಾತ್ರಿ ಎದ್ದು ಕೈ ಕೊಡವುವವರು ಬನ್ನಿ" ಅಂತ ಹಾಕಬೇಕು.